ಜರ್ಮನ್ ಕಾರಿನ ಬ್ರೇಕ್ ತಪ್ಪುವುದಿಲ್ಲ

ಅಮೆರಿಕದಲ್ಲಿ ಮನೆಗೆ ಬರುವ ಟಪಾಲಿನಲ್ಲಿ ಹತ್ತಕ್ಕೆ ಒಂಬತ್ತು ಕಸ. ಚಾವಣಿ ರಿಪೇರಿ ಮಾಡುವವರು, ಹಲ್ಲು ಬೆಳ್ಳಗೆ ಮಾಡುವವರು, ನಾವು ಮನೆ ಮಾರುತ್ತೇವೆಂದು ಯಾರೋ ಕಿವಿಯಲ್ಲಿ ಹೇಳಿದಂತೆ ನಗುನಗುತ್ತಾ ತಮ್ಮ ಫೋಟೋ ಕಳಿಸುವ ರಿಯಲ್ ಎಸ್ಟೇಟ್ ಏಜೆಂಟರು, ಎಲ್ಲರೂ ನ್ಯೂಜೆರ್ಸಿಯ ನಮ್ಮ ಸಮರ್‌ಸೆಟ್ಟಿನ ಮನೆಯ ಅಡುಗೆ ಕಟ್ಟೆಯ ಮೇಲೆ ಒಂದು ದಿನ ಮಲಗಿ ಮಾರನೆಯ ದಿನ ಕಸದ ಡಬ್ಬಿ ಸೇರುತ್ತಾರೆ. ಹೀಗಾಗಿ ಕಳೆದ ತಿಂಗಳು ಒಂದು ಬುಧವಾರ ಆ ರಾಶಿಯ ಮೇಲಿದ್ದ ಲಕೋಟೆಯನ್ನೂ ನಾನು ಡಬ್ಬಿಗೇ ಹಾಕುವವನಿದ್ದೆ. ಅದರ ಮೇಲೆ ಚೌಕದೊಳಗೆ ದಪ್ಪ ಅಕ್ಷರದಲ್ಲಿ ‘ಸುರಕ್ಷತೆಯ ಮುಖ್ಯ ಸೂಚನೆ: ರೀಕಾಲ್’ ಎಂದು ಅಚ್ಚಾಗಿರದಿದ್ದರೆ ನಾನು ಇಷ್ಟು ಹೊತ್ತಿಗೆ ಮಜ್ಜಿಗೆ ಕುಡಿದು ತಣ್ಣಗೆ ಕುಳಿತಿರುತ್ತಿದ್ದೆ.

ರೀಕಾಲ್ ಎಂದರೆ ಗೊತ್ತಲ್ಲ? ತಾನು ಮಾರಿದ ಕಾರಿನಲ್ಲಿ ದೋಷವಿದೆಯೆಂದು ಕಂಪನಿ ತಾನೇ ಒಪ್ಪಿಕೊಂಡು, ದಯವಿಟ್ಟು ತಂದುಕೊಡಿ, ಪುಕ್ಕಟೆ ಸರಿಮಾಡುತ್ತೇವೆ ಎಂದು ಬರೆಯುವ ಕಾಗದ. ನಮ್ಮ ಕಾರು ಜರ್ಮನಿಯ ಒಂದು ಹಳೆಯ, ಘನವಾದ ಕಂಪನಿಯದು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ‘ಓಹೋ’ ಎನ್ನುತ್ತೀರಿ, ಆ ಓಹೋ ಕೇಳಿ ಕೇಳಿಯೇ ನಾನು ಕೆಟ್ಟದ್ದು. ಕಾಗದದಲ್ಲಿ ಹೀಗಿತ್ತು: ಕೆಲವು ಸಂದರ್ಭಗಳಲ್ಲಿ ನಿಮ್ಮ ವಾಹನದ ಬ್ರೇಕ್ ಪೆಡಲ್ ಇದ್ದಕ್ಕಿದ್ದಂತೆ ಗಟ್ಟಿಯಾಗಬಹುದು, ಒತ್ತಲು ಹೆಚ್ಚಿನ ಬಲ ಬೇಕಾಗಬಹುದು, ವಾಹನ ನಿಲ್ಲಲು ಹೆಚ್ಚಿನ ದೂರ ಬೇಕಾಗಬಹುದು. ಎಲ್ಲವೂ ‘ಬಹುದು’. ನಿಂತಲ್ಲೇ ಎರಡು ಸಲ ಓದಿದೆ. ಆಮೇಲೆ ಅದನ್ನು ಮಡಚಿ, ನನ್ನ ಮೇಜಿನ ಡ್ರಾಯರಿನಲ್ಲಿ ಹಳೆಯ ವಾರಂಟಿ ಕಾರ್ಡುಗಳ ಕೆಳಗೆ ತುರುಕಿದೆ. ಏಕೆಂದರೆ ಮೂರು ತಿಂಗಳ ಹಿಂದೆ ನನ್ನ ಹೆಂಡತಿ ಶೈಲಾ ಇದೇ ಮಾತನ್ನು, ಇಷ್ಟೇ ಸ್ಪಷ್ಟವಾಗಿ, ಒಂದೂ ‘ಬಹುದು’ ಇಲ್ಲದೆ ನನಗೆ ಹೇಳಿದ್ದಳು. ನಾನು ನಂಬಿರಲಿಲ್ಲ.

ನಂಬದೇ ಇದ್ದದ್ದಕ್ಕೆ ನನ್ನೊಬ್ಬನನ್ನೇ ಬೈಯಬೇಡಿ. ನಾನು ಹುಟ್ಟಿ ಬೆಳೆದದ್ದು ಮಂಗಳೂರಿನಲ್ಲಿ. ಜರ್ಮನಿಯ ಪಾದ್ರಿಗಳು ಬಂದು ಹೆಂಚು ಸುಡುವುದನ್ನು ಕಲಿಸಿದ ಊರು ಅದು. ನಮ್ಮ ಕೇರಿಯಲ್ಲಿ ಯಾವುದಾದರೂ ವಸ್ತು ಹಾಳಾಗದೆ ಇದ್ದರೆ ‘ಜರ್ಮನಿಯವರದ್ದಿರಬೇಕು’ ಎನ್ನುತ್ತಿದ್ದರು. ಬೀಗ, ಗಡಿಯಾರ, ಹೊಲಿಗೆಯ ಕತ್ತರಿ. ಎಂಬತ್ತು ದಾಟಿಯೂ ಗುಡ್ಡ ಹತ್ತುತ್ತಿದ್ದ ನಮ್ಮ ಅಜ್ಜಿಯನ್ನು ಪಕ್ಕದ ಮನೆಯವರು ‘ಜರ್ಮನ್ ಅಜ್ಜಿ’ ಎಂದೇ ಕರೆಯುತ್ತಿದ್ದರು, ಪಾಪ ಅವಳು ಉಳ್ಳಾಲದಾಚೆ ಹೋದವಳಲ್ಲ.

ಶೈಲಾ ಧಾರವಾಡದ ಕಡೆಯವಳು. ಅವಳ ಊರಿನಲ್ಲಿ ‘ಜರ್ಮನ್’ ಎಂದರೆ ಅಲ್ಯೂಮಿನಿಯಂ ಪಾತ್ರೆ. ಹಗುರ, ಅಗ್ಗ, ಎರಡು ಸಲ ಬಿದ್ದರೆ ಸೊಟ್ಟ. ಮದುವೆಯಾದ ಹೊಸದರಲ್ಲಿ ನಾನು ಏನನ್ನೋ ಹೊಗಳಲು “ಜರ್ಮನ್ ಹಾಗೆ ಉಂಟು” ಎಂದಾಗ, “ಅಷ್ಟು ಕೆಟ್ಟೈತೇನ್ರಿ?” ಎಂದು ಕೇಳಿದ್ದಳು. ಆ ದಿನವೇ ನಾನು ಕುಳಿತು ಯೋಚಿಸಬೇಕಾಗಿತ್ತು. ಯೋಚಿಸಲಿಲ್ಲ, ನಕ್ಕೆ.

ನಮ್ಮ ಅಪ್ಪ ಡ್ರೈವರ್. ಹೆಂಚಿನ ಕಾರ್ಖಾನೆಯ ಮಾಲೀಕರೊಬ್ಬರ ಮನೆಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವರು. ನಾವೆಲ್ಲ ಅವರನ್ನು ಧಣಿ ಎನ್ನುತ್ತಿದ್ದೆವು. ಧಣಿಯ ಬಳಿ ಒಂದು ಕಪ್ಪು ಜರ್ಮನ್ ಕಾರಿತ್ತು, ನಾನು ಈಗ ಕೊಂಡಿರುವ ಇದೇ ಕಂಪನಿಯದು. ಊರಿಗೆಲ್ಲ ಅಂಥದ್ದು ಅದೊಂದೇ. ಅಪ್ಪ ಬೆಳಿಗ್ಗೆ ಐದೂವರೆಗೆ ಹೋಗಿ ಅದನ್ನು ತೊಳೆದು, ಸೀಟಿನ ಮೇಲೆ ಬಿಳಿ ಬಟ್ಟೆ ಹಾಸಿ, ಆಮೇಲೆ ಮನೆಗೆ ಬಂದು ಗಂಜಿ ಕುಡಿಯುತ್ತಿದ್ದರು. ಅವರ ಅಂಗಿಗೆ ಸದಾ ಪೆಟ್ರೋಲಿನ ವಾಸನೆ. ಶಾಲೆಯಲ್ಲಿ ಉಳಿದ ಮಕ್ಕಳು ತಮ್ಮ ತಂದೆಯ ಸಂಬಳದ ಬಗ್ಗೆ ಜಂಬ ಕೊಚ್ಚಿದರೆ ನಾನು ಧಣಿಯ ಕಾರಿನ ಬಗ್ಗೆ ಕೊಚ್ಚುತ್ತಿದ್ದೆ. ಅದರ ಬಾಗಿಲು ಹಾಕಿದರೆ ‘ಧಬ್’ ಎನ್ನುವುದಿಲ್ಲ, ‘ತುಪ್’ ಎನ್ನುತ್ತದೆ ಎಂದು ಮಾಡಿ ತೋರಿಸುತ್ತಿದ್ದೆ. ನಾನು ಆ ಕಾರಿನಲ್ಲಿ ಕೂತವನಲ್ಲ, ತುಪ್ ಎನ್ನುವುದನ್ನು ಹೊರಗಿನಿಂದ ಕೇಳಿದವನು.

ನನಗೆ ಒಂಬತ್ತು ವರ್ಷವಿದ್ದಾಗ ಒಂದು ಮಧ್ಯಾಹ್ನ ಅಪ್ಪ ಧಣಿಯ ಹೆಂಡತಿಯನ್ನು ಕೂರಿಸಿಕೊಂಡು ಗುಡ್ಡದ ರಸ್ತೆ ಇಳಿಯುತ್ತಿದ್ದರು. ಬ್ರೇಕ್ ಹಿಡಿಯಲಿಲ್ಲ. ಅಪ್ಪ ಗೇರ್ ಇಳಿಸಿ, ಸ್ಟೇರಿಂಗ್ ತಿರುಗಿಸಿ, ಜನರಿದ್ದ ಕಡೆ ಹೋಗದಂತೆ ಕಾರನ್ನು ಒಂದು ಶಾಲೆಯ ಕೆಂಪುಕಲ್ಲಿನ ಗೋಡೆಗೆ ಒರಸಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ, ಒಂದು ದೀಪ ಒಡೆಯಿತು. ಸಂಜೆ ಧಣಿಯ ಅಂಗಳದಲ್ಲಿ ಕೈ ಕಟ್ಟಿ ನಿಂತು, “ಬ್ರೇಕ್ ಹಿಡೀಲಿಲ್ಲ ಧಣಿ” ಎಂದರು. ಧಣಿ ಹೇಳಿದ್ದು ಇಷ್ಟು: “ಇದು ಜರ್ಮನ್ ಗಾಡಿ. ಇದರ ಬ್ರೇಕ್ ತಪ್ಪುವುದಿಲ್ಲ. ತಪ್ಪುವುದು ನಿಮ್ಮಂಥವರ ಕಾಲು. ನಾಳೆಯಿಂದ ಬರಬೇಡ.” ಪಕ್ಕದಲ್ಲಿದ್ದ ಗುಮಾಸ್ತ, ಅವನನ್ನು ಯಾರೂ ಕೇಳದೆ ಇದ್ದರೂ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ಗಾದೆ ಸೇರಿಸಿದನಂತೆ.

ಆ ಗಾದೆಯನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನೀವೇ ಹೇಳಿ, ಅದನ್ನು ಕಟ್ಟಿದವನು ಒಮ್ಮೆಯಾದರೂ ಬಗ್ಗಿ ಆ ನೆಲವನ್ನು ನೋಡಿದ್ದನೇ? ನೆಲ ನಿಜವಾಗಿಯೂ ಡೊಂಕಾಗಿದ್ದರೆ ಅವಳು ಏನನ್ನಬೇಕಿತ್ತು? ನೆಲ ಹಾಕಿಸಿದವನು ದೊಡ್ಡ ಮನುಷ್ಯನಾದರೆ ಅದು ಡೊಂಕಾಗುವುದೇ ಇಲ್ಲವೇ?

ಅಪ್ಪ ಮೂರು ನಾಲ್ಕು ದಿನ ಮನೆಯಲ್ಲಿ ‘ಬ್ರೇಕ್ ಹಿಡೀಲಿಲ್ಲ’ ಎಂದೇ ಹೇಳುತ್ತಿದ್ದರು. ಆಮೇಲೆ ಅವರ ಮಾತು ಬದಲಾಯಿತು. “ನನ್ನ ಕಾಲೇ ಜಾರಿತೋ ಎಂತದೋ” ಎನ್ನತೊಡಗಿದರು. ಊರಿನಲ್ಲಿ ಯಾರೂ ಅವರಿಗೆ ಸ್ಟೇರಿಂಗ್ ಕೊಡಲಿಲ್ಲ, ಅವರೂ ಕೇಳಲಿಲ್ಲ. ಬಂದರಿನ ಗೋದಾಮೊಂದರಲ್ಲಿ ಕಾವಲು ಕೆಲಸಕ್ಕೆ ಸೇರಿ ಅಲ್ಲೇ ಮುಗಿಸಿದರು. ಈ ಕಥೆಯನ್ನು ನಾನು ಅಮೆರಿಕಕ್ಕೆ ಬಂದ ಮೇಲೆ ಎಷ್ಟು ಮನೆಗಳಲ್ಲಿ, ಎಷ್ಟು ಊಟಗಳ ನಡುವೆ, ತಟ್ಟೆಯ ಬಿಸಿಬೇಳೆಬಾತ್ ಆರುವವರೆಗೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಹೇಳುವಾಗ ಪ್ರತಿ ಸಲ ನನ್ನ ದನಿ ಏರುತ್ತದೆ. ಒಬ್ಬ ಮನುಷ್ಯನ ಬಾಯಿಂದಲೇ ಅವನು ಮಾಡದ ತಪ್ಪನ್ನು ಹೇಳಿಸಿದ ಆ ಧಣಿ ಎಂಥ ಪಾಪಿ ಎಂದು ಮುಗಿಸುತ್ತೇನೆ. ಕೇಳಿದವರು ಲೊಚಗುಟ್ಟುತ್ತಾರೆ. ಯಾರಾದರೂ ಒಬ್ಬರು ಖಂಡಿತ ಕೇಳುತ್ತಾರೆ: “ಯಾವ ಮಾಡೆಲ್ ಸಾರ್ ಅದು?”

ಅಂಥವನು ಅದೇ ಕಂಪನಿಯ ಕಾರು ಕೊಂಡದ್ದೇಕೆ? ಸೇಡಿಗೆ ಎಂದು ನಾನು ಹೇಳಿಕೊಂಡು ಬಂದಿದ್ದೇನೆ. ಡ್ರೈವರಿನ ಮಗ ಆ ಕಾರಿನ ಯಜಮಾನನಾದ, ನೋಡಿ ಧಣಿ, ಅಂತ. ಕೇಳಲು ಚೆನ್ನಾಗಿದೆ. ಆದರೆ ನಮ್ಮ ಕಡೆಯ ಪದ್ಧತಿಯೂ ಒಂದಿದೆ. ನ್ಯೂಜೆರ್ಸಿಯ ಕನ್ನಡಿಗರಿಗೆ ನಾಮಕರಣ, ಉಪನಯನಗಳಂತೆ ಕಾರಿನದೂ ಕ್ರಮವಿದೆ. ಬಂದ ಹೊಸದರಲ್ಲಿ ಯಾರೋ ಓಡಿಸಿ ಬಿಟ್ಟ ಜಪಾನಿ ಕಾರು, ಮಕ್ಕಳಾದ ಮೇಲೆ ಊರಿನಿಂದ ಬಂದ ಅಜ್ಜ ಅಜ್ಜಿಯರಿಗೂ ಸೇರಿ ಏಳು ಸೀಟಿನ ವ್ಯಾನು, ಮಕ್ಕಳು ಕಾಲೇಜಿಗೆ ಹೋದ ಮೇಲೆ ಜರ್ಮನ್. ನಮ್ಮ ಮಗಳು ಕೆಲಸ ಹಿಡಿದು ಬೇರೆ ಊರಿಗೆ ಹೋದ ವರ್ಷ ನನ್ನ ಸರದಿ ಬಂತು. ಹಳೆಯ ಜಪಾನಿ ಕಾರನ್ನು ಶೈಲಾ ಮಾರಲು ಬಿಡಲಿಲ್ಲ. “ಹೇಳಿದ ಮಾತು ಕೇಳ್ತೈತಿ ಅದು” ಎಂದಳು.

ಹೊಸ ಕಾರಿನ ಜೊತೆ ಕಂಪನಿಯ ಚರಿತ್ರೆಯ ಒಂದು ಪುಸ್ತಿಕೆ ಕೊಟ್ಟರು. ದಪ್ಪ ನುಣುಪು ಹಾಳೆ. ಮೀಸೆ ಹೊತ್ತ ಸ್ಥಾಪಕರು, ಕುದುರೆಯಿಲ್ಲದ ಬಂಡಿ, ಧೂಳೆಬ್ಬಿಸಿ ಗೆದ್ದ ರೇಸ್ ಕಾರುಗಳು. ರೇಸ್ ಕಾರಿನ ಪುಟ ತಿರುಗಿಸಿದರೆ ಒಮ್ಮೆಲೇ ಎರಡನೇ ಮಹಾಯುದ್ಧ ಮುಗಿದು, ಟೊಪ್ಪಿಗೆ ಹಾಕಿದ ಕುಟುಂಬವೊಂದು ಸರೋವರದ ಪಕ್ಕ ಬುತ್ತಿ ಬಿಚ್ಚಿ ಕೂತಿದೆ. ನಡುವಿನ ವರ್ಷಗಳೆಲ್ಲಿ ಹೋದವು? ಆ ವರ್ಷಗಳಲ್ಲಿ ಆ ದೇಶದ ಕಾರ್ಖಾನೆಗಳಲ್ಲಿ ಯಾರನ್ನು ಸೆರೆಹಿಡಿದು ತಂದು ಬಂದೂಕಿನ ಮುಂದೆ ನಿಲ್ಲಿಸಿ ಕೆಲಸ ಮಾಡಿಸಿದರು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತಿದೆ. ಪುಸ್ತಿಕೆಗೆ ಮಾತ್ರ ಗೊತ್ತಿಲ್ಲ. ಕೆಟ್ಟ ಪುಟ ಹರಿದು ಹಾಕಿದರೆ ಯಾರ ಚರಿತ್ರೆಯೂ ಘನವಾಗಿಯೇ ಕಾಣುತ್ತದೆ, ನನ್ನದೂ ಸೇರಿ.

ಇದನ್ನು ನಾನು ಗುರುಪ್ರಸಾದರಿಗೆ ಹೇಳಿದೆ. ಗುರುಪ್ರಸಾದ್ ಈಸ್ಟ್ ಬ್ರನ್ಸ್‌ವಿಕ್ಕಿನಲ್ಲಿರುವ ಬೆಂಗಳೂರಿನವರು, ಅವರದೂ ಇದೇ ಕಂಪನಿಯ ಕಾರು. ಕಾರಿನ ಬಗ್ಗೆ ಮಾತಾಡುವಾಗ ಕಣ್ಣು ಅರ್ಧ ಮುಚ್ಚುತ್ತಾರೆ. “ಹಿಸ್ಟರಿ ಬಿಡಿ ಸಾರ್, ಎಂಜಿನಿಯರಿಂಗ್ ನೋಡಿ” ಎಂದರು. ಕೆಲವು ವರ್ಷಗಳ ಹಿಂದೆ ಇನ್ನೊಂದು ಜರ್ಮನ್ ಕಂಪನಿ ಹೊಗೆಯ ಪರೀಕ್ಷೆಯಲ್ಲಿ ಕಾರೇ ಸುಳ್ಳು ಹೇಳುವ ಹಾಗೆ ಕಲಿಸಿಟ್ಟು ಸಿಕ್ಕಿಬಿದ್ದಿತಲ್ಲ, ಆಗಲೂ ನಾನು ಕುದಿಯುತ್ತಿದ್ದರೆ ಇವರು ಕಣ್ಣರಳಿಸಿದ್ದರು. “ನೋಡಿ ಸಾರ್, ಟೆಸ್ಟ್ ನಡೀತಿದೆ ಅಂತ ಕಾರಿಗೇ ಗೊತ್ತಾಗತ್ತೆ! ಬೇರೆಯವರ ಕೈಲಿ ಇಂಥಾ ಮೋಸ ಮಾಡೋಕ್ಕಾಗತ್ತಾ?” ಇಂಥ ಭಕ್ತಿಗೆ ನಮ್ಮ ದೇವರುಗಳೂ ಅಸೂಯೆ ಪಡಬೇಕು.

ಇನ್ನು ಶೈಲಾಳ ಡ್ರೈವಿಂಗಿನ ವಿಷಯ. ನ್ಯೂಜೆರ್ಸಿಯ ರೋಡ್ ಟೆಸ್ಟಿನಲ್ಲಿ ಅವಳು ಮೊದಲ ಸಲಕ್ಕೇ ಪಾಸು. ಡ್ರೈವರಿನ ಮಗನಾದ ನಾನು ಫೇಲು. ತಿರುವು ಬಂತೆಂದು ಮಂಗಳೂರಿನ ಅಭ್ಯಾಸಬಲದಿಂದ ಮರ್ಯಾದೆಯಾಗಿ ಹಾರ್ನ್ ಹೊಡೆದೆ. ಪಕ್ಕದಲ್ಲಿ ಕುಳಿತ ಪರೀಕ್ಷಕ ಬೆಚ್ಚಿಬಿದ್ದ. ಮುಂದಿನ ತಿರುವಿನಲ್ಲಿ ಮತ್ತೆ ಹೊಡೆದೆ. ಅವನ ಪೆನ್ನು ಕಾಗದದ ಮೇಲೆ ಓಡಿದ್ದನ್ನು ನೋಡಿಯೇ ನನಗೆ ಗೊತ್ತಾಯಿತು. ಅಪ್ಪ ಒಮ್ಮೆ ಆರು ತಿಂಗಳು ಬಂದು ನಮ್ಮಲ್ಲಿದ್ದರು. ಆಗ ನಮ್ಮಲ್ಲಿ ಜಪಾನಿ ಕಾರು ಮಾತ್ರ. ನಾನು ಓಡಿಸಿದರೆ ಹಿಂದೆ ಕೂತು ಕಣ್ಣು ಮುಚ್ಚುತ್ತಿದ್ದ ಅಪ್ಪ ಶೈಲಾ ಓಡಿಸಿದರೆ ಮುಂದೆ ಕೂರುತ್ತಿದ್ದರು. “ನಿನ್ನ ಕಾಲಿಗೆ ಒಳ್ಳೇ ಅಂದಾಜುಂಟು ಮಗಾ” ಎಂದು ಅವಳಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ತರಕಾರಿ ತರಲು, ಗ್ರಂಥಾಲಯಕ್ಕೆ, ಸುಮ್ಮನೆ ಸುತ್ತಲು, ಇಬ್ಬರೂ ಹೊರಟರೆ ಗಂಟೆಗಟ್ಟಲೆ ಬರುತ್ತಿರಲಿಲ್ಲ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು.

ಶೈಲಾ ಒಂಬತ್ತು ವರ್ಷಗಳಿಂದ ಭಾನುವಾರ ಬೆಳಿಗ್ಗೆ ಪ್ಲೇನ್ಸ್‌ಬರೋದ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. “ಆಂಟಿ, ವೈ ಡು ವಿ ನೀಡ್ ಟೂ ಲ’ಸ್?” ಎಂದು ಲ, ಳ ಎರಡನ್ನೂ ತೋರಿಸಿ ಕೇಳುವ ಹದಿನಾರು ಮಕ್ಕಳು. ಅವಳ ವಾರವೆಲ್ಲ ಆ ಎರಡು ಗಂಟೆಯ ಸುತ್ತ ಕಟ್ಟಿಕೊಂಡಿತ್ತು. ಸೋಮವಾರ ಅಕ್ಷರಗಳಿಗಾಗಿ ಹಳೆಯ ಕ್ಯಾಲೆಂಡರ್ ಕತ್ತರಿಸುವಳು, ಗುರುವಾರ ಹಾಡು ಹುಡುಕುವಳು, ಶನಿವಾರ ಯಾವ ಮಗುವಿಗೆ ಯಾವ ತಿಂಡಿ ಆಗದು ಎಂದು ನೆನೆಸಿಕೊಂಡು ಶೇಂಗಾ ಇಲ್ಲದ ಚಿಕ್ಕಿ ಮಾಡುವಳು. ಶೇಂಗಾ ಇಲ್ಲದ ಚಿಕ್ಕಿ ಹೇಗಿರುತ್ತದೆಂದು ಕೇಳಬೇಡಿ. ಕ್ಲಾಸಿನ ವ್ಯವಸ್ಥೆಯೆಲ್ಲ ಗುರುಪ್ರಸಾದರದು.

ಮಾರ್ಚಿನ ಒಂದು ಭಾನುವಾರ ಜಪಾನಿ ಕಾರು ಸರ್ವಿಸಿಗೆ ಹೋಗಿತ್ತು, ಇವಳು ಜರ್ಮನ್ ಕಾರು ತೆಗೆದುಕೊಂಡು ಹೋದಳು. ಕ್ಲಬ್‌ಹೌಸಿನ ಮುಂದೆ ನಿಲ್ಲಿಸಲು ಬ್ರೇಕ್ ಒತ್ತಿದಾಗ ಕಾರು ನಿಲ್ಲಲಿಲ್ಲ. ಮುಂದಿನ ಕಟ್ಟೆಯ ಮೇಲೆ ನಾಲ್ಕು ಮಕ್ಕಳು ನಿಂತಿದ್ದವು. ಇವಳು ಪಾರ್ಕಿಂಗ್ ಬ್ರೇಕಿನ ಗುಂಡಿ ಎಳೆದು, ಎಡಕ್ಕೆ ತಿರುಗಿಸಿ, ಪೊದೆಗೆ ನುಗ್ಗಿಸಿ, ನೋಟೀಸ್ ಬೋರ್ಡಿನ ಕಂಬಕ್ಕೆ ಗುದ್ದಿ ನಿಲ್ಲಿಸಿದಳು. ಮಕ್ಕಳಿಗೂ ಕಾರಿಗೂ ನಡುವೆ ಆರು ಅಡಿ. ಫೋನು ಬಂದಾಗ ಪಕ್ಕದ ಮನೆಯವರ ಕಾರು ಕೇಳಿ ತೆಗೆದುಕೊಂಡು ಧಾವಿಸಿದೆ. ತಂದೆ ತಾಯಿಯರೆಲ್ಲ ಸುತ್ತ ನಿಂತಿದ್ದರು. ದೀಪ್ತಿ ಎಂಬ ಹಾಸನದ ಹುಡುಗಿ, ಆ ನಾಲ್ವರಲ್ಲಿ ಒಂದು ಮಗುವಿನ ತಾಯಿ, ಅಳುತ್ತಾ ಶೈಲಾಳನ್ನು ಗದರುತ್ತಿದ್ದಳು: “ಏನಾದ್ರೂ ಆಗಿದ್ರೆ ಏನ್ ಮಾಡ್ತಿದ್ರಿ ಆಂಟಿ? ಡ್ರೈವ್ ಮಾಡೋಕ್ಕಾಗಲ್ಲ ಅಂದ್ರೆ ಯಾಕ್ ಮಾಡ್ತೀರಾ?”

ಶೈಲಾ ನನ್ನನ್ನು ಕಂಡವಳೇ ಹತ್ತಿರ ಬಂದಳು. “ನಾ ಬ್ರೇಕೇ ಒತ್ತೇನ್ರಿ. ಪೆಡಲ್ ಕಲ್ಲಾಗಿತ್ತು, ಕೆಳಗ ಇಳೀಲೇ ಇಲ್ಲ” ಎಂದಳು. ಆಗ ನಾನು, ನನ್ನ ಅಪ್ಪನ ಮಗ, ಊಟದ ನಡುವೆ ಬಿಸಿಬೇಳೆಬಾತ್ ಆರಿಸುವವನು, ಎಲ್ಲರಿಗೂ ಕೇಳುವಂತೆ ಏನು ಹೇಳಿದೆ ಗೊತ್ತೆ? “ಗಾಬರೀಲಿ ಆಕ್ಸಿಲರೇಟರ್ ಒತ್ತಿದ್ದಾಳೆ ಅಷ್ಟೆ. ಈ ಕಾರಿನ ಬ್ರೇಕ್ ಹಾಗೆಲ್ಲ ತಪ್ಪುವುದಿಲ್ಲ.” ಗುರುಪ್ರಸಾದ್ ತಲೆಯಾಡಿಸಿ, “ಚಾನ್ಸೇ ಇಲ್ಲ” ಎಂದರು. ಶೈಲಾ ನನ್ನ ಮುಖವನ್ನು ಒಮ್ಮೆ ನೋಡಿ, ಚಿಕ್ಕಿಯ ಡಬ್ಬಿ ತೆಗೆದುಕೊಂಡು ಪಕ್ಕದ ಮನೆಯವರ ಕಾರಿನಲ್ಲಿ ಹೋಗಿ ಕುಳಿತಳು.

ಶೋರೂಮಿನವರು ಕಾರಿಗೆ ಕಂಪ್ಯೂಟರ್ ಜೋಡಿಸಿ ಎರಡು ದಿನ ನೋಡಿ ‘ತೊಂದರೆ ಕಂಡುಬಂದಿಲ್ಲ’ ಎಂದು ಬರೆದುಕೊಟ್ಟರು. ಅದನ್ನು ಅವಳಿಗೆ ತೋರಿಸಿದೆ. ಗೆದ್ದವನಂತೆ ತೋರಿಸಿದೆ ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ. ಗುರುಪ್ರಸಾದ್ ಫೋನು ಮಾಡಿ, “ಮೇಡಂ ಸ್ವಲ್ಪ ದಿನ ರೆಸ್ಟ್ ತಗೊಳ್ಳಲಿ, ಪೇರೆಂಟ್ಸ್ ಕೂಡ ಸ್ವಲ್ಪ ಕನ್ಸರ್ನ್ ಆಗಿದಾರೆ” ಎಂದರು. ಕ್ಲಾಸು ಬೇರೆಯವರಿಗೆ ಹೋಯಿತು. ಮಗಳು ಫೋನಿನಲ್ಲಿ, “ಡ್ಯಾಡ್, ಡಿಡ್ ಯು ಈವನ್ ಲಿಸನ್ ಟು ಹರ್?” ಎಂದದ್ದಕ್ಕೆ, ನಿನಗೆ ಕಾರಿನ ವಿಷಯ ಗೊತ್ತಿಲ್ಲ ಎಂದೆ. ಶೈಲಾ ಎರಡೂ ಕಾರಿನ ಕೀಲಿಗಳನ್ನು ಮೊಳೆಗೆ ತೂಗುಹಾಕಿದವಳು ಮತ್ತೆ ಮುಟ್ಟಲಿಲ್ಲ. ಇಲ್ಲಿ ಕಾರಿಲ್ಲದೆ ಹಾಲು ತರಲೂ ಆಗುವುದಿಲ್ಲ, ಫುಟ್‌ಪಾತು ನಮ್ಮ ಬೀದಿಯ ಕೊನೆಗೇ ಮುಗಿಯುತ್ತದೆ. ಎರಡು ವಾರದ ಮೇಲೆ ಒಂದು ದಿನ ಚಪಾತಿ ಲಟ್ಟಿಸುತ್ತಾ ತಾನಾಗಿಯೇ, “ನನ್ನ ಕಾಲ ತಪ್ಪಿರಬೇಕು ಬಿಡ್ರಿ” ಎಂದಳು. ನನಗೆ ಸಮಾಧಾನವಾಯಿತು. ಯಾರ ಮಾತು ಯಾರ ಬಾಯಲ್ಲಿ ಬಂತೆಂದು ನನಗೆ ಆಗ ಹೊಳೆಯಲಿಲ್ಲ.

ಇಷ್ಟಾದ ಮೇಲೆ ಬಂದದ್ದು ಆ ಕಾಗದ. ಓದಿದವನು ನೇರವಾಗಿ ಅವಳ ಬಳಿ ಹೋಗಬೇಕಿತ್ತು. ಹೋಗಲಿಲ್ಲ. ಬದಲಿಗೆ ನಾಲ್ಕು ದಿನ ಕಂಪನಿಯ ಮೇಲೆ ಕುದಿದೆ. ಎಂಥ ಧೂರ್ತರು ಇವರು! ಕಂಪ್ಯೂಟರಿಗೆ ಕಾಣದ ದೋಷ ಜರ್ಮನಿಯಲ್ಲಿ ಕೂತವರಿಗೆ ಗೊತ್ತಿತ್ತು ಎಂದರೆ ಎಷ್ಟು ದಿನದಿಂದ ಗೊತ್ತಿತ್ತು? ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರು ತಮ್ಮ ಕಾಲನ್ನೇ ಬೈದುಕೊಂಡು ಕೂತಿದ್ದಾರೆ? ಶನಿವಾರ ಬೆಳಿಗ್ಗೆ ತಡೆಯಲಾರದೆ ಕಾಗದದಲ್ಲಿದ್ದ ನಂಬರಿಗೆ ಫೋನು ಮಾಡಿ ಕೂಗಾಡಿದೆ. ಆ ಕಡೆಯ ಹೆಣ್ಣುಮಗಳು ಬಲು ಸೌಮ್ಯ. “ಐ ಅಂಡರ್‌ಸ್ಟ್ಯಾಂಡ್ ಯುವರ್ ಫ್ರಸ್ಟ್ರೇಶನ್, ಸರ್” ಎಂದಳು. ನನಗೆ ಅದೆಲ್ಲ ಬೇಡ, ನನ್ನ ಹೆಂಡತಿಗೆ ಕ್ಷಮಾಪಣೆ ಬರೆದು ಕಳಿಸಿ ಎಂದೆ. ಕಾರು ನಿಮ್ಮ ಹೆಂಡತಿಯ ಹೆಸರಿನಲ್ಲಿದೆಯೇ ಎಂದು ಕೇಳಿದಳು. ಇಲ್ಲ, ನನ್ನ ಹೆಸರಿನಲ್ಲಿದೆ. “ದೆನ್ ವಿ ಕ್ಯಾನ್ ಓನ್ಲಿ ಅಪಾಲಜೈಸ್ ಟು ಯು, ಸರ್.”

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಶೈಲಾ.

“ಕಂಪನಿಯವ್ರಿಗ್ಯಾಕ ಬೈಯಾಕ ಹತ್ತೀರಿ?”

“ಅವರು ನಿನಗೆ ತಪ್ಪಾಯಿತು ಅನ್ನಬೇಡವೇ?”

“ಅವರು ನನಗೇನಂದಾರ? ಅಂದಾವ್ರು ನೀವು.”

ಅವಳು ಒಳಗೆ ಬಂದು ಕುರ್ಚಿಯಲ್ಲಿ ಕುಳಿತಳು.

“ಬುಧವಾರ ಆ ಲಕೋಟಿ ಎಲ್ಲಾದರ ಮ್ಯಾಲ ಇಟ್ಟಾಕಿ ನಾನ. ಹೊರಗ ದಪ್ಪಕ ಬರದಿತ್ತಲ್ಲ? ಗಾಡಿ ನಂಬರ್ ಹಾಕಿ ಫೋನಿನ್ಯಾಗ ಎಲ್ಲಾ ಓದೇನಿ. ನೀವಾಗೇ ಬಂದು ಹೇಳ್ತೀರೇನಂತ ನಾಕು ದಿನ ನೋಡಿದೆ.”

“ಹೇಳಬೇಕಂತಲೇ ಇದ್ದೆ” ಎಂದೆ. ನನ್ನ ಕಿವಿಗೇ ಅದು ಸುಳ್ಳೆಂದು ಕೇಳಿಸಿತು.

“ಇಲ್ಲಿ ನನ್ನ ಮುಂದ ಹೇಳೂದು ಬ್ಯಾಡ. ಅಂದಿದ್ದು ಪ್ಲೇನ್ಸ್‌ಬರೋದಾಗ, ಎಲ್ಲಾರ ಮುಂದ. ಅಲ್ಲೇ ಹೇಳ್ರಿ.”

ಮಾರನೆಯ ದಿನ ಭಾನುವಾರ, ಜಪಾನಿ ಕಾರಿನಲ್ಲಿ ಹೋದೆವು. ನಾನೇ ಓಡಿಸಿದೆ. ಕ್ಲಾಸು ಬಿಡುವ ಹೊತ್ತು, ತಂದೆ ತಾಯಿಯರು ಕ್ಲಬ್‌ಹೌಸಿನ ಮುಂದೆ ಸೇರಿದ್ದರು. ಹೊಸ ಕಂಬದ ಮೇಲೆ ಹೊಸ ನೋಟೀಸ್ ಬೋರ್ಡು ನಿಂತಿತ್ತು. ನಾನು ಗಂಟಲು ಸರಿಮಾಡಿಕೊಂಡು ಕಾಗದ ಓದಿದೆ, ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. “ಮಾರ್ಚಿನಲ್ಲಿ ಶೈಲಾ ಹೇಳಿದ್ದು ನಿಜ. ಬ್ರೇಕೇ ತಪ್ಪಿದ್ದು. ಅವಳು ಸರಿಯಾಗಿ ಓಡಿಸಿದ್ದರಿಂದ ಮಕ್ಕಳು ಉಳಿದರು. ಅವತ್ತು ನಾನು ಹೇಳಿದ್ದು ಸುಳ್ಳು” ಎಂದೆ. ಮೊದಲು ಬಾಯಿ ಬಿಟ್ಟವರು ಗುರುಪ್ರಸಾದ್.

“ನೋಡಿ ಸಾರ್, ಎಷ್ಟು ಪ್ರಾಮಾಣಿಕರು! ತಾವಾಗೇ ಒಪ್ಕೊಂಡು ಲೆಟರ್ ಕಳಿಸಿದಾರೆ. ಜರ್ಮನ್ ಅಂದ್ರೆ ಜರ್ಮನೇ.”

ನನ್ನ ತಲೆ ಕೆಟ್ಟುಹೋಯಿತು. ಬ್ರೇಕ್ ಹಿಡಿದರೆ ಜರ್ಮನಿಗೆ ಕೀರ್ತಿ, ಹಿಡಿಯದೆ ಹೋದರೂ ಜರ್ಮನಿಗೇ ಕೀರ್ತಿ! “ಗುರುಪ್ರಸಾದ್, ಆ ಪ್ರಾಮಾಣಿಕರು ಮೂರು ತಿಂಗಳು ತಡವಾಗಿ ಬರೆದರು. ಈ ಹೆಂಗಸು ಅದೇ ನಿಮಿಷ ಹೇಳಿದಳು. ಅವಳ ಮಾತಿಗೆ ‘ಚಾನ್ಸೇ ಇಲ್ಲ’ ಅಂದವರು ಕಂಪನಿಯ ಕಾಗದ ಹೇಗೆ ನಂಬುತ್ತೀರಿ? ಅಚ್ಚಾಗಿದೆ ಅಂತಲೇ?” ಎಂದು ಅರಚಿದೆ. ಮಕ್ಕಳು ಕಣ್ಣು ಬಿಟ್ಟುಕೊಂಡು ನೋಡಿದವು. ಗುರುಪ್ರಸಾದ್ ತಮ್ಮ ಕಾರಿನ ಕಡೆ ಒಮ್ಮೆ, ಶೈಲಾಳ ಕಡೆ ಒಮ್ಮೆ ನೋಡಿ, “ಸಾರಿ ಮೇಡಂ” ಎಂದು ಮೆಲ್ಲಗೆ ಹೇಳಿದರು. ದೀಪ್ತಿ ಬಂದು ಶೈಲಾಳ ಕೈ ಹಿಡಿದುಕೊಂಡಳು. “ಆಂಟಿ, ಅವತ್ತು ನಾನು ಹಾಗೆ ಮಾತಾಡಬಾರದಿತ್ತು. ನೆಕ್ಸ್ಟ್ ಸಂಡೆ ಬರ್ತೀರಾ? ಇವನು ನಿಮ್ಮನ್ನೇ ಕೇಳ್ತಾನೆ.” ಶೈಲಾ ಮಗುವಿನ ತಲೆ ಸವರಿ, “ಬರ್ತೇನಿ” ಎಂದಳು.

ಹಿಂದಿರುಗುವಾಗ ಅವಳು ಕೀಲಿಗೆ ಕೈ ಚಾಚಿದಳು. ಕೊಟ್ಟೆ. ಮೂರು ತಿಂಗಳ ಮೇಲೆ ಓಡಿಸುತ್ತಿದ್ದಾಳೆಂದು ಅನಿಸಲೇ ಇಲ್ಲ. ರೂಟ್ ಇಪ್ಪತ್ತೇಳಕ್ಕೆ ಸೇರುವವರೆಗೆ ನಾನು ಗುರುಪ್ರಸಾದರನ್ನು ಬೈದೆ, ಆಮೇಲೆ ಕಂಪನಿಯನ್ನು ಬೈದೆ, ಆಮೇಲೆ ರೂಢಿಯಂತೆ ಧಣಿಗೆ ಬಂದೆ. “ಅವತ್ತು ಧಣಿಗೂ ಹೀಗೊಂದು ಕಾಗದ ಬಂದಿದ್ದರೆ ಅಪ್ಪ ‘ಕಾಲು ಜಾರಿತು’ ಅಂತ ಅನ್ನುತ್ತಿರಲಿಲ್ಲ. ಆ ಪಾಪಿಯೇ ಅವರ ಬಾಯಿಂದ ಅದನ್ನು ಹೇಳಿಸಿದ್ದು.”

“ಧಣಿ ಹೇಳಸಲಿಲ್ಲ” ಎಂದಳು ಶೈಲಾ.

“ಮತ್ತೆ?”

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ಮಾವನವರು ಬಂದಾಗ ನನ್ನ ಪಕ್ಕದಾಗ ಕೂತು ಹೇಳಿದ್ರು. ನಿಮಗ ಹೇಳಬ್ಯಾಡಂದಿದ್ರು, ಅದಕ್ಕ ಇಷ್ಟು ವರ್ಷ ಹೇಳಲಿಲ್ಲ. ಧಣಿ ಅಂದದ್ದಕ್ಕ ಅವರಿಗೆ ಬ್ಯಾಸರ ಇದ್ದಿಲ್ಲಂತ. ‘ಅವರಿಗೆ ಗಾಡಿಯೇ ದೊಡ್ಡದು ಮಗಾ, ಹೇಳಲಿ’ ಅಂದ್ರು. ನಾಕನೇ ದಿನ ಊಟಕ್ಕ ಕೂತಾಗ ಅವರ ಮಗ ಕೇಳಿದ್ನಂತ, ‘ಅಪ್ಪ, ಜರ್ಮನ್ ಕಾರಿನ ಬ್ರೇಕ್ ಹೇಗೆ ತಪ್ಪುತ್ತದೆ?’ ಅಂತ. ಅವತ್ತು ಅವರಿಗೆ ತಮ್ಮ ಕಾಲಿನ ಮ್ಯಾಲೇ ಸಂಶೇ ಬಂತಂತ.”

ನನಗೆ ನೆನಪಿಲ್ಲ. ಎಷ್ಟು ಯೋಚಿಸಿದರೂ ನೆನಪಿಲ್ಲ. ಆದರೆ ಕೇಳಿದವನು ನಾನೇ ಎಂಬುದರಲ್ಲಿ ಸಂಶಯವೂ ಇಲ್ಲ. ಇಷ್ಟು ವರ್ಷ ಎಲ್ಲರ ಮನೆಯಲ್ಲಿ ಕೂತು ಧಣಿಯನ್ನು ಬೈದವನು, ಮನಸ್ಸಿನೊಳಗೆ ಧಣಿಯ ಮಾತನ್ನೇ ನಂಬಿದ್ದೆ. ನಂಬಿದ್ದರಿಂದಲೇ ಆ ಕಾರನ್ನು ಕೊಂಡೆ, ಸೇಡಿಗೂ ಅಲ್ಲ, ಮಣ್ಣಿಗೂ ಅಲ್ಲ. ಇನ್ನು ಬೈಯಲು ಯಾರೂ ಉಳಿಯಲಿಲ್ಲ.

ಅವತ್ತು ನಾನು ಎಲ್ಲರೆದುರು ಕಾಗದ ಓದಿದ್ದೆ, ಸಭೆಯಲ್ಲಿ ಒಪ್ಪಿಕೊಂಡಿದ್ದೆ, ಗುರುಪ್ರಸಾದರ ಬಾಯಿಂದ ಸಾರಿ ಹೇಳಿಸಿದ್ದೆ. ನನ್ನ ಬಾಯಿಂದ ಆ ಒಂದು ಮಾತು ಬಂದಿರಲಿಲ್ಲ. ಅದನ್ನು ಮೊದಲು ಕೇಳಬೇಕಾದ ಅಪ್ಪ ಇಲ್ಲ. ಕಾರಿನಲ್ಲಿ ಇದ್ದವಳು ಶೈಲಾ ಒಬ್ಬಳೇ. ಅವಳಿಗೆ, “ತಪ್ಪಾಯಿತು” ಎಂದೆ.